ಕಾಲೇಜಿನ ಪ್ರಥಮ ವರ್ಷವೂ ಶಾಲೆಯ ಹೊಣೆಯೂ

ದಾನಗಳಲ್ಲಿ ವಿದ್ಯಾದಾನವು ಶ್ರೇಷ್ಠವೆಂಬ ಮಾತು ಈ ನಾಡಿನಲ್ಲಿ ಬಹುಕಾಲದಿಂದ ನಡೆದು ಬಂದಿದೆ. ಮಠಗಳು ಶಾಲೆಗಳನ್ನು ತೆರೆದದ್ದೂ, ಭಕ್ತರು ತಮ್ಮ ದುಡಿಮೆಯ ಒಂದು ಪಾಲನ್ನು ಶಾಲೆಯ ಕೊಠಡಿಗಳಿಗೆಂದು ತೆಗೆದಿರಿಸಿದ್ದೂ ಈ ನಂಬಿಕೆಯಿಂದಲೇ. ಆದರೆ ವಿದ್ಯಾದಾನವು ಎಲ್ಲಿಗೆ ಮುಗಿಯುತ್ತದೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವವರು ವಿರಳ. ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾಗಿ, ಹೆಚ್ಚು ಅಂಕ ಪಡೆದವರಿಗೆ ಸನ್ಮಾನವಾಗಿ, ವರ್ಗಾವಣೆ ಪ್ರಮಾಣಪತ್ರವು ಕೈಸೇರಿದ ದಿನಕ್ಕೆ ಶಾಲೆಯ ಕರ್ತವ್ಯ ಮುಗಿಯಿತೆಂಬುದು ಸಾಮಾನ್ಯ ಭಾವನೆ. ವಿದ್ಯಾರ್ಥಿಯ ಜೀವನದಲ್ಲಿ ಅತ್ಯಂತ ಕಠಿಣವಾದ ವರ್ಷವು ಆರಂಭವಾಗುವುದು ಆ ಮರುದಿನದಿಂದಲೇ.

ಬ್ಯಾಡಗಿ ಮೆಣಸಿನಕಾಯಿಯ ಸೀಮೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮಡಿಯಲ್ಲಿ ಬೀಜ ಹಾಕಿ ಬೆಳೆಸಿದ ಅಗಿಯನ್ನು ಐದಾರು ವಾರಗಳ ಮೇಲೆ ಕಿತ್ತು ಹೊಲದಲ್ಲಿ ಹಚ್ಚುತ್ತಾರೆ. ಮಡಿಯಲ್ಲಿ ಎಷ್ಟೇ ಹುಲುಸಾಗಿದ್ದ ಅಗಿಯೂ ಹಚ್ಚಿದ ಮೊದಲ ಕೆಲವು ದಿನ ಬಾಡಿ ತಲೆಬಾಗುತ್ತದೆ. ಬೇರು ಹೊಸ ಮಣ್ಣನ್ನು ಹಿಡಿಯುವ ತನಕ ಒಕ್ಕಲಿಗನು ದಿನಾಲು ಹೊಲಕ್ಕೆ ಹೋಗಿ ನೋಡುತ್ತಾನೆ. ಅಗಿ ಬಾಡಿತೆಂದು ಬೀಜವನ್ನು ಬೈಯುವ ಒಕ್ಕಲಿಗನಿಲ್ಲ. ಸತ್ತ ಅಗಿಯ ಜಾಗದಲ್ಲಿ ಆತನು ಇನ್ನೊಂದನ್ನು ಹಚ್ಚಬಲ್ಲನು. ಆದರೆ ಓದು ಬಿಟ್ಟು ಮನೆಗೆ ಮರಳಿದ ಮಗನ ಅಥವಾ ಮಗಳ ಕಳೆದುಹೋದ ವರ್ಷವನ್ನು ಮತ್ತೆ ತಂದುಕೊಡುವವರು ಯಾರೂ ಇಲ್ಲ. ಆದುದರಿಂದ ಕಾಲೇಜಿನ ಪ್ರಥಮ ವರ್ಷದ ಸ್ವರೂಪವೇನು, ಆ ವರ್ಷದಲ್ಲಿ ವಿದ್ಯಾರ್ಥಿಗೆ ಬೇಕಾಗುವ ಮಾರ್ಗದರ್ಶನವೆಂಥದು, ಅದರಲ್ಲಿ ಶಾಲೆಯ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಪಾತ್ರವೇನು ಎಂಬುದನ್ನು ವಿಚಾರಿಸುವುದು ಯುಕ್ತವಾಗಿದೆ.

ಹಿಂದಿನವರು ನಡೆದ ದಾರಿ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬಯಿ ಕರ್ನಾಟಕದ ಹಳ್ಳಿಯೊಂದರಲ್ಲಿ ಮೆಟ್ರಿಕ್ ಮುಗಿಸಿದ ಹುಡುಗನಿಗೆ ಸಮೀಪದಲ್ಲಿ ಕಾಲೇಜೆಂಬುದೇ ಇರಲಿಲ್ಲ. ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಅಲ್ಲಿಯ ಭಾಷೆ ಬೇರೆ, ಊಟ ಬೇರೆ, ನಡೆನುಡಿ ಬೇರೆ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದಾಗ ದೂರವು ಕಡಿಮೆಯಾಯಿತೇ ಹೊರತು ಕಷ್ಟವು ಪೂರ್ತಿ ನೀಗಲಿಲ್ಲ. ಊಟ ಎಲ್ಲಿ, ವಸತಿ ಎಲ್ಲಿ, ಜ್ವರ ಬಂದರೆ ಕೇಳುವವರು ಯಾರು ಎಂಬ ಪ್ರಶ್ನೆಗಳು ಹಾಗೆಯೇ ಉಳಿದವು.

ಈ ಪ್ರಶ್ನೆಗಳಿಗೆ ಸಮಾಜದ ಹಿರಿಯರು ಎರಡು ಬಗೆಯಿಂದ ಉತ್ತರ ಕೊಟ್ಟರು. ಒಂದು, ಧನಸಹಾಯ. 1906ರಲ್ಲಿ ಲಿಂಗೈಕ್ಯರಾದ ತ್ಯಾಗವೀರ ಶಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯಾರ್ಥಿಗಳ ಶಿಕ್ಷಣಕ್ಕಾಗಿ ಬರೆದಿಟ್ಟುದು ಇದರ ಮಹೋನ್ನತ ಉದಾಹರಣೆ. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಜನ ತರುಣರು ಕೂಡಿ ಸ್ಥಾಪಿಸಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು 1933ರಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರೇ ಇದೆ. ಇನ್ನೊಂದು, ಆಶ್ರಯ. ಧಾರವಾಡದ ಮುರುಘಾಮಠದಲ್ಲಿ ಪೂಜ್ಯ ಮೃತ್ಯುಂಜಯ ಅಪ್ಪಗಳು ನಡೆಸಿದ ಪ್ರಸಾದನಿಲಯ, ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿಮಠದ ಪೂಜ್ಯ ಶಿವಬಸವ ಸ್ವಾಮಿಗಳು ನಡೆಸಿದ ಪ್ರಸಾದನಿಲಯ, ದಕ್ಷಿಣದಲ್ಲಿ ಸಿದ್ಧಗಂಗೆಯ ವಿದ್ಯಾರ್ಥಿನಿಲಯ ಇವೆಲ್ಲವೂ ಈ ಬಗೆಯವು. ಕವಿ ಚೆನ್ನವೀರ ಕಣವಿಯವರು ಮುರುಘಾಮಠದ ಆಶ್ರಯದಲ್ಲಿದ್ದು ಓದಿದವರು. ಸಿದ್ಧಗಂಗೆಯಲ್ಲಿ ಜಾತಿಮತಗಳ ಭೇದವಿಲ್ಲದೆ ಎಲ್ಲ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುತ್ತ ಬಂದಿದ್ದಾರೆ.

ಪ್ರಸಾದನಿಲಯವೆಂದೊಡನೆ ಉಚಿತವಾದ ಊಟ ವಸತಿಗಳೇ ಎಲ್ಲರ ನೆನಪಿಗೆ ಬರುತ್ತವೆ. ಆದರೆ ಅದರಷ್ಟೇ ಬೆಲೆಯುಳ್ಳ ಮತ್ತೊಂದು ಸಂಗತಿ ಅಲ್ಲಿತ್ತು. ಬೆಳಗಿನ ಪೂಜೆಗೆ, ಸಂಜೆಯ ಪ್ರಾರ್ಥನೆಗೆ, ಎರಡು ಹೊತ್ತಿನ ಪಂಕ್ತಿಗೆ ಹುಡುಗರೆಲ್ಲರೂ ಕೂಡಲೇಬೇಕಾಗಿದ್ದುದರಿಂದ ಯಾರು ಬಂದಿಲ್ಲ, ಯಾರು ಊಟ ಬಿಟ್ಟಿದ್ದಾರೆ, ಯಾರ ಮುಖ ಬಾಡಿದೆ ಎಂಬುದು ತಾನಾಗಿಯೇ ಗೊತ್ತಾಗುತ್ತಿತ್ತು. "ಯಾಕೋ ತಮ್ಮಾ, ಮಾರಿ ಸಣ್ಣದಾಗೇತಿ?" ಎಂದು ಕೇಳುವ ಹಿರಿಯ ಜೀವವೊಂದು ಅಲ್ಲಿರುತ್ತಿತ್ತು. ಹುಡುಗನು ತಾನಾಗಿ ಹೋಗಿ ಕಷ್ಟ ಹೇಳಿಕೊಳ್ಳಬೇಕಾದ ಅಗತ್ಯವೇ ಬೀಳುತ್ತಿರಲಿಲ್ಲ. ಇಂದಿನ ವಿದ್ವಾಂಸರು ವಿದ್ಯಾರ್ಥಿ ಮಾರ್ಗದರ್ಶನವೆಂದು ಕರೆಯುವುದರ ತಿರುಳು ಈ ಒಂದು ಪ್ರಶ್ನೆಯಲ್ಲಿಯೇ ಅಡಗಿದೆ.

ಹೊರನಾಡಿನ ಅನುಭವ

ಈ ಸಮಸ್ಯೆಯು ಬಡದೇಶಗಳ ಹಳ್ಳಿಯ ಮಕ್ಕಳಿಗೆ ಮಾತ್ರ ಮೀಸಲಾದುದಲ್ಲ. ಅಮೆರಿಕದ ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ 1970ರಲ್ಲಿ ವಿದ್ಯಾರ್ಥಿಗಳ ದೊಡ್ಡ ಗಲಭೆಯಾಯಿತು. ಅದನ್ನು ಕಂಡ ಅಲ್ಲಿಯ ಆಡಳಿತಗಾರರು ಹೊಸ ವಿದ್ಯಾರ್ಥಿಗಳಿಗೂ ಸಂಸ್ಥೆಗೂ ನಡುವೆ ಬಾಂಧವ್ಯ ಬೆಳೆಯಲೆಂದು 1972ರಲ್ಲಿ ಪ್ರಥಮ ವರ್ಷದವರಿಗಾಗಿಯೇ ಒಂದು ಪಾಠಕ್ರಮವನ್ನು ಆರಂಭಿಸಿದರು. ಜಾನ್ ಗಾರ್ಡನರ್ ಎಂಬ ಅಧ್ಯಾಪಕರು ಅದನ್ನು ಬಹುಕಾಲ ಮುನ್ನಡೆಸಿದರು. ಮುಂದೆ ಅದು ಅನೇಕ ವಿಶ್ವವಿದ್ಯಾಲಯಗಳಿಗೆ ಮಾದರಿಯಾಯಿತು. ವಿನ್ಸೆಂಟ್ ಟಿಂಟೋ ಎಂಬ ಸಮಾಜಶಾಸ್ತ್ರಜ್ಞರು ವಿದ್ಯಾರ್ಥಿಗಳು ಕಾಲೇಜನ್ನು ಏಕೆ ಬಿಡುತ್ತಾರೆಂಬುದನ್ನು ಕುರಿತು 1975ರಿಂದ ಬರೆಯುತ್ತ ಬಂದರು. ಅವರ ವಿಚಾರದ ಸಾರವಿಷ್ಟು: ಕಾಲೇಜಿಗೆ ಸೇರಿದವನು ಮೊದಲು ಹಳೆಯ ಬಳಗದಿಂದ ಅಗಲುತ್ತಾನೆ, ಅನಂತರ ಅಲ್ಲಿಯವನೂ ಅಲ್ಲದ ಇಲ್ಲಿಯವನೂ ಅಲ್ಲದ ನಡುವಣ ಸ್ಥಿತಿಯಲ್ಲಿರುತ್ತಾನೆ, ಕೊನೆಗೆ ಹೊಸ ಬಳಗದಲ್ಲಿ ಒಬ್ಬನಾಗುತ್ತಾನೆ. ಬಹುಪಾಲು ಜನ ಸೋಲುವುದು ಬುದ್ಧಿಯ ಕೊರತೆಯಿಂದಲ್ಲ, ಆ ನಡುವಣ ಸ್ಥಿತಿಯನ್ನು ಒಬ್ಬಂಟಿಗರಾಗಿ ದಾಟಲಾರದೆ.

ಭಾರತದಲ್ಲಿಯೂ ಈ ವಿಚಾರವು ಹೊಸದಲ್ಲ. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗವು 1966ರಲ್ಲಿ ಸಲ್ಲಿಸಿದ ವರದಿಯಲ್ಲಿ, ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ವರ್ಷಾರಂಭದಲ್ಲಿ ಕಾಲೇಜಿನ ಪರಿಚಯ ಮಾಡಿಕೊಡಬೇಕೆಂದೂ, ಪ್ರತಿಯೊಬ್ಬ ವಿದ್ಯಾರ್ಥಿಗೂ ಒಬ್ಬ ಸಲಹೆಗಾರ ಅಧ್ಯಾಪಕನಿರುವುದು ಒಳ್ಳೆಯದೆಂದೂ ಸೂಚಿಸಿತ್ತು. ಇದು ವ್ಯವಸ್ಥೆಯ ರೂಪ ತಾಳಲು ಅರ್ಧ ಶತಮಾನ ಹಿಡಿಯಿತು. ತಾಂತ್ರಿಕ ಶಿಕ್ಷಣ ಪರಿಷತ್ತು ಎಂಜಿನಿಯರಿಂಗ್ ಕಾಲೇಜುಗಳಿಗೆ ಮೂರು ವಾರಗಳ ಪರಿಚಯ ಕಾರ್ಯಕ್ರಮವನ್ನು ಗೊತ್ತುಪಡಿಸಿ, ಇಪ್ಪತ್ತು ಜನ ವಿದ್ಯಾರ್ಥಿಗಳ ತಂಡಕ್ಕೊಬ್ಬ ಅಧ್ಯಾಪಕನಿರಬೇಕೆಂದು ಹೇಳಿತು. ವಿಶ್ವವಿದ್ಯಾಲಯ ಅನುದಾನ ಆಯೋಗವು 2019ರಲ್ಲಿ 'ದೀಕ್ಷಾರಂಭ' ಎಂಬ ಹೆಸರಿನಿಂದ ಎಲ್ಲ ಕಾಲೇಜುಗಳಿಗೂ ಇಂಥದೇ ಮಾರ್ಗಸೂಚಿಯನ್ನು ಹೊರಡಿಸಿತು. ಇವೆಲ್ಲ ಸ್ವಾಗತಾರ್ಹವಾದ ಕ್ರಮಗಳೇ. ಆದರೂ ನೂರಾರು ಹೊಸ ಮುಖಗಳ ನಡುವೆ ಯಾರು ಮೌನವಾಗಿ ಮುಳುಗುತ್ತಿದ್ದಾರೆಂಬುದನ್ನು ಜೂನ್ ಜುಲೈ ತಿಂಗಳಲ್ಲಿಯೇ ಗುರುತಿಸುವುದು ಕಾಲೇಜಿನ ಅಧ್ಯಾಪಕರಿಗೆ ಸುಲಭವಲ್ಲ. ಆ ಮುಖಗಳನ್ನು ಮೊದಲೇ ಬಲ್ಲವರು ಹಿಂದಿನ ಶಾಲೆಯ ಗುರುಗಳು.

ಮೊದಲ ವರ್ಷದ ಹಾದಿ

ಈ ಭಾಗದಲ್ಲಿ 'ಕಾಲೇಜಿನ ಮೊದಲ ವರ್ಷ'ವೆಂಬುದು ಎರಡು ಸಲ ಬರುತ್ತದೆ. ಹತ್ತನೆಯ ತರಗತಿಯ ನಂತರ ಪದವಿಪೂರ್ವ ಕಾಲೇಜಿನ ಮೊದಲ ವರ್ಷ ಒಂದು. ಅದಾದ ಎರಡು ವರ್ಷಕ್ಕೆ ಪದವಿಯ ಅಥವಾ ವೃತ್ತಿಶಿಕ್ಷಣದ ಮೊದಲ ವರ್ಷ ಇನ್ನೊಂದು. ಮೊದಲನೆಯದರಲ್ಲಿ ಅಗಡಿಯ ಹುಡುಗನು ಸಾಮಾನ್ಯವಾಗಿ ಮನೆಯಿಂದಲೇ ಹಾವೇರಿಗೆ ಬಸ್ಸಿನಲ್ಲಿ ಹೋಗಿಬರುತ್ತಾನೆ. ಎರಡನೆಯದರಲ್ಲಿ ಧಾರವಾಡ, ಹುಬ್ಬಳ್ಳಿ, ದಾವಣಗೆರೆಗಳಂಥ ಊರುಗಳಲ್ಲಿ ಕೊಠಡಿ ಹಿಡಿದು ಇರಬೇಕಾಗುತ್ತದೆ. ಹೊರಗಿನ ರೂಪ ಬೇರೆಯಾದರೂ ಎರಡರಲ್ಲಿಯೂ ತೊಡಕುಗಳು ಬಹುಮಟ್ಟಿಗೆ ಒಂದೇ ಕ್ರಮದಲ್ಲಿ ಬರುತ್ತವೆ.

ಮೊದಲನೆಯ ತೊಡಕು ಆಯ್ಕೆಯದು. ಪದವಿಪೂರ್ವ ತರಗತಿಯಲ್ಲಿ ಆರಿಸಿಕೊಂಡ ವಿಷಯಗಳು ಮುಂದಿನ ಹಲವು ಬಾಗಿಲುಗಳನ್ನು ತೆರೆಯುತ್ತವೆ, ಹಲವನ್ನು ಮುಚ್ಚುತ್ತವೆ. ಗಣಿತ ಬಿಟ್ಟವನಿಗೆ ಎಂಜಿನಿಯರಿಂಗಿನ ದಾರಿಯಿಲ್ಲ. ಜೀವಶಾಸ್ತ್ರ ಬಿಟ್ಟವಳಿಗೆ ವೈದ್ಯಕೀಯದ ದಾರಿಯಿಲ್ಲ. ಅಂಕ ಹೆಚ್ಚು ಬಂದವನು ವಿಜ್ಞಾನ, ಕಡಿಮೆ ಬಂದವನು ಕಲೆ ಎಂಬ ರೂಢಿಯಿಂದ ಎರಡೂ ಕಡೆಗೆ ನಷ್ಟವಾಗಿದೆ. ಹತ್ತನೆಯ ತರಗತಿಯ ನಂತರ ಡಿಪ್ಲೊಮಾ ಮುಗಿಸಿದವನು ಎಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದೆಂಬುದಾಗಲಿ, ಕಲಾ ವಿಭಾಗದಲ್ಲಿ ಓದಿದವಳು ಐದು ವರ್ಷದ ಕಾನೂನು ಶಿಕ್ಷಣಕ್ಕೆ ಹೋಗಬಹುದೆಂಬುದಾಗಲಿ, ರಾಣೇಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿಯೇ ಕೃಷಿ ಕಾಲೇಜಿದ್ದು ಕೃಷಿ ಪದವಿಯ ಪ್ರವೇಶದಲ್ಲಿ ರೈತರ ಮಕ್ಕಳಿಗೆ ಮೀಸಲು ಪಾಲಿದೆಯೆಂಬುದಾಗಲಿ ಅನೇಕ ಪಾಲಕರಿಗೆ ತಿಳಿಯುವುದು ಕಾಲ ಮಿಂಚಿದ ಮೇಲೆ.

ಎರಡನೆಯದು ಕಾಗದಪತ್ರಗಳ ತೊಡಕು. ವೃತ್ತಿಶಿಕ್ಷಣದ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಬೇರೆ ಬೇರೆ ಮೀಸಲಾತಿಗಳಿವೆ. ಹಳ್ಳಿಯ ಕನ್ನಡ ಶಾಲೆಯ ಮಕ್ಕಳಿಗೆ ಹೇಳಿ ಮಾಡಿಸಿದ ಸೌಲಭ್ಯವಿದು. ಆದರೆ ಅದನ್ನು ಪಡೆಯಲು ಶಾಲೆಯ ಮುಖ್ಯಾಧ್ಯಾಪಕರು ಕೊಟ್ಟು, ಕ್ಷೇತ್ರ ಶಿಕ್ಷಣಾಧಿಕಾರಿಗಳು ಮೇಲುಸಹಿ ಮಾಡಿದ ವ್ಯಾಸಂಗ ಪ್ರಮಾಣಪತ್ರ ಬೇಕು. ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳಿಗೆ ನಾಡಕಚೇರಿಗೆ ಹೋಗಬೇಕು. ವಿದ್ಯಾರ್ಥಿವೇತನವು ನೇರವಾಗಿ ಬ್ಯಾಂಕಿನ ಖಾತೆಗೆ ಜಮೆಯಾಗುವುದರಿಂದ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು; ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಿದ್ದರೂ ಹಣವು ಬರದೆ ನಿಲ್ಲುವುದುಂಟು. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳ ಊಟ ವಸತಿಗಾಗಿ 2013ರಲ್ಲಿ ಆರಂಭವಾದ ವಿದ್ಯಾಸಿರಿ, ರೈತರ ಮಕ್ಕಳಿಗಾಗಿ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿ ಮೊದಲಾದ ಯೋಜನೆಗಳು ಮನೆಯ ಬಾಗಿಲಿಗೆ ಬಂದರೂ ಒಳಗೆ ಬಾರದೆ ಹೋಗಲು ಇಂಥ ಸಣ್ಣ ಕಾರಣಗಳು ಸಾಕಾಗುತ್ತವೆ.

ಮೂರನೆಯದು, ಎಲ್ಲಕ್ಕಿಂತ ಆಳವಾದುದು, ಭಾಷೆಯ ತೊಡಕು. ಹತ್ತು ವರ್ಷ ಕನ್ನಡದಲ್ಲಿ ವಿಜ್ಞಾನ ಕಲಿತು ಉತ್ತಮ ಅಂಕ ಪಡೆದವಳು ಪದವಿಪೂರ್ವ ವಿಜ್ಞಾನ ತರಗತಿಯಲ್ಲಿ ಕುಳಿತ ಮೊದಲ ದಿನವೇ ಪಾಠವೆಲ್ಲ ಇಂಗ್ಲಿಷಿನಲ್ಲಿ ಸಾಗುತ್ತದೆ. ಆಕೆ ಬಲ್ಲ ವೇಗೋತ್ಕರ್ಷವು ಅಲ್ಲಿ ಎಕ್ಸಲರೇಶನ್ ಆಗಿರುತ್ತದೆ. ವಕ್ರೀಭವನವು ರಿಫ್ರ್ಯಾಕ್ಷನ್, ದ್ಯುತಿಸಂಶ್ಲೇಷಣೆಯು ಫೋಟೋಸಿಂಥೆಸಿಸ್. ವಿಷಯ ಗೊತ್ತಿದ್ದೂ ಹೆಸರು ಗೊತ್ತಿಲ್ಲದೆ ಆಕೆ ಮೂಕಳಾಗುತ್ತಾಳೆ. ಪಕ್ಕದ ಬೆಂಚಿನವರು ಥಟ್ಟನೆ ಉತ್ತರಿಸುವುದನ್ನು ಕಂಡು, ತನಗೆ ತಿಳಿಯದಿರುವುದು ಭಾಷೆಯೆಂದು ಭಾವಿಸದೆ ತನಗೆ ಬುದ್ಧಿಯೇ ಇಲ್ಲವೆಂದು ಭಾವಿಸುತ್ತಾಳೆ. ಈ ತಪ್ಪು ತಿಳಿವಳಿಕೆಯೇ ಪ್ರಥಮ ವರ್ಷದ ಬಹುದೊಡ್ಡ ಅಪಾಯ. ಭಾಷೆಯ ಕೊರತೆಯನ್ನು ಕೆಲವು ತಿಂಗಳಲ್ಲಿ ತುಂಬಿಕೊಳ್ಳಬಹುದು. ತನ್ನ ಬಗ್ಗೆ ತಾನೇ ಕೊಟ್ಟುಕೊಂಡ ತೀರ್ಪು ಮಾತ್ರ ಬಹುಕಾಲ ಅಳಿಯದು.

ಅನಂತರ ಬರುವುದು ಮೊದಲ ಕಿರುಪರೀಕ್ಷೆ. ಶಾಲೆಯಲ್ಲಿ ಎಂಬತ್ತು ತೊಂಬತ್ತು ಅಂಕ ಕಂಡವನಿಗೆ ಇಲ್ಲಿ ಇಪ್ಪತ್ತು ಮೂವತ್ತು ಬಂದಾಗ ಆತನು ಅದನ್ನು ಮನೆಯಲ್ಲಿ ಹೇಳುವುದಿಲ್ಲ. ಊರಿನಲ್ಲಿ ಜಾಣನೆಂದು ಹೆಸರಾದವನಿಗೆ ಇದು ಇನ್ನೂ ಕಷ್ಟ. ಶಾಲೆಯ ಗುರುಗಳು ದಾರಿಯಲ್ಲಿ ಕಂಡರೆ ಬೇರೆ ಓಣಿ ಹಿಡಿಯುತ್ತಾನೆ. ಅದೇ ಕಾಲಕ್ಕೆ ಹೊಲದ ಕೆಲಸಗಳೂ ಕರೆಯುತ್ತವೆ. ಹೈಬ್ರಿಡ್ ಹತ್ತಿ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿಗೆ ಹೂವು ಸೇರಿಸುವ ಕ್ರಾಸಿಂಗ್ ಕೆಲಸಕ್ಕೆ ಹುಡುಗ ಹುಡುಗಿಯರನ್ನೇ ಕರೆಯುವ ರೂಢಿ ಈ ಸೀಮೆಯಲ್ಲಿದೆ. ಮುಂದೆ ಗೋವಿನಜೋಳದ ಸುಗ್ಗಿ, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಬಿಡಿಸುವುದು ಒಂದರ ಹಿಂದೊಂದು ಬರುತ್ತವೆ. ತರಗತಿಯಲ್ಲಿ ಅವಮಾನ, ಹೊಲದಲ್ಲಿ ಕೂಲಿ ಮತ್ತು ಮನ್ನಣೆ. ಹದಿನಾರರ ವಯಸ್ಸಿನವರು ಯಾವುದನ್ನು ಆರಿಸಿಕೊಳ್ಳುವರೆಂಬುದನ್ನು ಊಹಿಸುವುದು ಕಷ್ಟವಲ್ಲ. ಹೀಗೆ ಕೆಲವು ದಿನ ತಪ್ಪಿದ ಹಾಜರಿಯು ನೂರಕ್ಕೆ ಎಪ್ಪತ್ತೈದರ ಕಟ್ಟಳೆಗಿಂತ ಕೆಳಗಿಳಿದಾಗ ಪರೀಕ್ಷೆಗೆ ಕೂಡ್ರುವ ಅರ್ಹತೆಯೇ ತಪ್ಪುತ್ತದೆ. ಹೊರಗಿನವರ ಕಣ್ಣಿಗೆ ಆತನು ಫೆಬ್ರುವರಿಯಲ್ಲಿ ಕಾಲೇಜು ಬಿಟ್ಟಂತೆ ಕಾಣುತ್ತದೆ. ನಿಜವಾಗಿ ಬಿಟ್ಟಿರುವುದು ಆಗಸ್ಟ್ ತಿಂಗಳಲ್ಲಿಯೇ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತನ್ನು ಸೇರಿಸಬೇಕು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟಿನ ಚಿಂತೆ ತಪ್ಪಿತು. ಆದರೆ ಹಾದಿಯ ಖರ್ಚು ಇಲ್ಲವಾದ ಮಾತ್ರಕ್ಕೆ ಮನೆಯವರ ಅಂಜಿಕೆ ಇಲ್ಲವಾಗುವುದಿಲ್ಲ. ಮಗಳು ಒಂದು ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ಸಾಕು, ಓದು ಸಾಕೆಂಬ ಮಾತೂ ವರನನ್ನು ನೋಡುವ ಮಾತೂ ಒಟ್ಟಿಗೆ ಏಳುತ್ತವೆ. ಗಂಡುಮಗನ ಸೋಲಿಗೆ ಎರಡನೆಯ ಅವಕಾಶ ಕೊಡುವ ಮನೆಗಳೂ ಹೆಣ್ಣುಮಗಳಿಗೆ ಕೊಡುವಾಗ ಹಿಂಜರಿಯುತ್ತವೆ. ಆಗ ಮನೆಗೆ ಹೋಗಿ ತಂದೆತಾಯಿಗಳ ಮುಂದೆ ಆಕೆಯ ಪರವಾಗಿ ನಾಲ್ಕು ಮಾತನಾಡಬಲ್ಲವರು, ಆಕೆಗೆ ಅಕ್ಷರ ಕಲಿಸಿದ ಗುರುಗಳಲ್ಲದೆ ಬೇರೆ ಯಾರಿದ್ದಾರೆ?

ಮಾರ್ಗದರ್ಶನವೆಂದರೆ ಉಪದೇಶವಲ್ಲ

ಈ ಎಲ್ಲ ತೊಡಕುಗಳಲ್ಲಿ ಸಮಾನವಾದ ಅಂಶವೊಂದಿದೆ. ವಿದ್ಯಾರ್ಥಿಯು ಅವನ್ನು ಯಾರ ಮುಂದೆಯೂ ಹೇಳುವುದಿಲ್ಲ. ಮನೆಯಲ್ಲಿ ಕಾಲೇಜು ಕಂಡವರು ಆತನೇ ಮೊದಲಿಗನಾದ್ದರಿಂದ ಹೇಳಿದರೂ ತಿಳಿಯುವವರಿಲ್ಲ. ಕಾಲೇಜಿನಲ್ಲಿ ಹೇಳಲು ಸಂಕೋಚ. ಶಾಲೆಯಲ್ಲಿ ಹೇಳಲು ನಾಚಿಕೆ. ಆದುದರಿಂದ "ಕಷ್ಟವಿದ್ದರೆ ಬಂದು ಕೇಳಿ" ಎಂದು ಹೇಳಿ ಕಾಯುತ್ತ ಕುಳಿತರೆ ಬರುವವರು ಸಹಾಯದ ಅಗತ್ಯ ಕಡಿಮೆಯಿದ್ದವರೇ. ನಿಜವಾಗಿ ಬೇಕಾದವನು ಬರುವುದಿಲ್ಲ. ಕೇಳದವನ ಬಳಿಗೆ ಹೋಗಿ ತಾನಾಗಿ ಕೇಳುವುದೇ ಮಾರ್ಗದರ್ಶಕನ ಪ್ರಥಮ ಧರ್ಮ.

ಉಪದೇಶಕ್ಕೂ ಮಾರ್ಗದರ್ಶನಕ್ಕೂ ಇರುವ ಅಂತರವನ್ನು ಇಲ್ಲಿ ಗಮನಿಸಬೇಕು. "ಚೆನ್ನಾಗಿ ಓದು, ಕೆಟ್ಟವರ ಸಹವಾಸ ಮಾಡಬೇಡ" ಎಂಬುದು ಉಪದೇಶ. "ಕಳೆದ ವಾರ ಎಷ್ಟು ದಿನ ಕಾಲೇಜಿಗೆ ಹೋದೆ? ಯಾವ ಪಾಠ ತಿಳಿಯಲಿಲ್ಲ? ಮಧ್ಯಾಹ್ನ ಎಲ್ಲಿ ಊಟ ಮಾಡುತ್ತಿ? ವಿದ್ಯಾರ್ಥಿವೇತನದ ಅರ್ಜಿ ಹಾಕಿದೆಯಾ?" ಎಂದು ಕೇಳಿ, ಉತ್ತರವನ್ನು ಪೂರ್ತಿ ಆಲಿಸಿ, ಮುಂದಿನ ವಾರ ಅದನ್ನೇ ನೆನಪಿಟ್ಟು ಮತ್ತೆ ಕೇಳುವುದು ಮಾರ್ಗದರ್ಶನ. ಬಸವಾದಿ ಶರಣರ ಅನುಭವ ಮಂಟಪದಲ್ಲಿ ಹಿರಿಯರು ಕಿರಿಯರೆನ್ನದೆ ಪ್ರಶ್ನೋತ್ತರದಿಂದಲೇ ಅರಿವು ಬೆಳೆಯಿತೆಂಬ ಪರಂಪರೆಯನ್ನು ನಂಬಿದ ಸಮಾಜಕ್ಕೆ ಈ ಕ್ರಮವು ಅಪರಿಚಿತವಾಗಬಾರದು.

ಮಾರ್ಗದರ್ಶಕನು ತನ್ನ ತಿಳಿವಳಿಕೆಯ ಮಿತಿಯನ್ನೂ ಅರಿತಿರಬೇಕು. ಶಿಕ್ಷಣದ ನಿಯಮಗಳು ಬೇಗ ಬದಲಾಗುತ್ತವೆ. ಕರ್ನಾಟಕದಲ್ಲಿ 2021ರಲ್ಲಿ ಹೊಸ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಕ್ರಮವು ಬಂದಿತು. 2024ರಲ್ಲಿ ರಾಜ್ಯವು ಮೂರು ವರ್ಷದ ಪದವಿಗೆ ಮರಳಿತು. ಇಪ್ಪತ್ತು ವರ್ಷದ ಹಿಂದೆ ಪದವಿ ಪಡೆದವರು ತಮ್ಮ ಕಾಲದ ಕಟ್ಟಳೆಗಳನ್ನೇ ಇಂದಿನವೆಂದು ಹೇಳಿದರೆ ಸಹಾಯಕ್ಕಿಂತ ತೊಂದರೆಯೇ ಹೆಚ್ಚು. ಗೊತ್ತಿಲ್ಲದುದನ್ನು ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿ ಹೇಳುವುದರಲ್ಲಿ ಸಣ್ಣತನವೇನೂ ಇಲ್ಲ. ಅಂತೆಯೇ ಮನಸ್ಸಿನ ಬೇಗುದಿ ಆಳವಾಗಿದೆಯೆಂದು ತೋರಿದರೆ ಅದನ್ನು ಸೋಮಾರಿತನವೆಂದು ತಳ್ಳಿಹಾಕದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಟೆಲಿ-ಮಾನಸ್ ದೂರವಾಣಿ 14416ಕ್ಕೆ ಕರೆ ಮಾಡಿ ಉಚಿತವಾಗಿ ಸಲಹೆ ಪಡೆಯಬಹುದು. ವಸತಿನಿಲಯಗಳಲ್ಲಿ ಹೊಸಬರನ್ನು ಪೀಡಿಸುವ ರ್‍ಯಾಗಿಂಗನ್ನು ಅನುದಾನ ಆಯೋಗವು 2009ರ ನಿಯಮಾವಳಿಯಿಂದ ಕಟ್ಟುನಿಟ್ಟಾಗಿ ನಿಷೇಧಿಸಿದೆ. ಅದನ್ನು ಸಹಿಸಿಕೊಳ್ಳಬೇಕಾಗಿಲ್ಲವೆಂಬುದನ್ನು ವಿದ್ಯಾರ್ಥಿಗೆ ಮೊದಲೇ ತಿಳಿಸಿರಬೇಕು.

ಶಾಲೆಯು ಮಾಡಬಹುದಾದ ಕಾರ್ಯ

ಇಷ್ಟನ್ನು ಅರಿತ ಮೇಲೆ ಶಾಲೆಯೊಂದು ಹೆಚ್ಚಿನ ವೆಚ್ಚವಿಲ್ಲದೆ ಕೈಕೊಳ್ಳಬಹುದಾದ ಕಾರ್ಯಗಳು ಸ್ಪಷ್ಟವಾಗುತ್ತವೆ.

ಮೊದಲನೆಯದಾಗಿ, ಹತ್ತನೆಯ ತರಗತಿಯ ಪರೀಕ್ಷೆಗೆ ಮುಂಚೆಯೇ ಪಾಲಕರನ್ನು ಕರೆಯಿಸಿ ಮುಂದಿನ ದಾರಿಗಳನ್ನು ವಿವರಿಸಬೇಕು. ಗ್ರಾಮೀಣ ಹಾಗೂ ಕನ್ನಡ ಮಾಧ್ಯಮದ ವ್ಯಾಸಂಗ ಪ್ರಮಾಣಪತ್ರಗಳಿಗೆ ಬೇಕಾದ ವಿವರಗಳನ್ನು ಶಾಲೆಯೇ ಸಿದ್ಧಪಡಿಸಿಟ್ಟು, ಆಧಾರ್, ಬ್ಯಾಂಕ್ ಖಾತೆ ಮತ್ತು ಶಾಲಾ ದಾಖಲೆಗಳಲ್ಲಿ ಹೆಸರು ಒಂದೇ ಬಗೆಯಲ್ಲಿದೆಯೇ ಎಂದು ಪರಿಶೀಲಿಸಬೇಕು. ಶಾಲೆಯಲ್ಲಿ ಒಂದು ಗಂಟೆಯಲ್ಲಿ ಆಗುವ ಈ ಕೆಲಸಕ್ಕೆ ಮುಂದೆ ಪಾಲಕರು ಒಂದು ವಾರದ ಕೂಲಿ ಕಳೆದುಕೊಳ್ಳಬೇಕಾಗುತ್ತದೆ.

ಎರಡನೆಯದಾಗಿ, ಬೇಸಿಗೆಯ ಬಿಡುವಿನಲ್ಲಿ ನಾಲ್ಕು ವಾರಗಳ ಭಾಷಾ ಸೇತುವೆಯ ತರಗತಿಯನ್ನು ನಡೆಸಬಹುದು. ಇಲ್ಲಿ ಹೊಸ ಪಾಠವೇನೂ ಬೇಕಾಗಿಲ್ಲ. ಹತ್ತನೆಯ ತರಗತಿಯ ವಿಜ್ಞಾನ ಗಣಿತಗಳಲ್ಲಿ ಮಕ್ಕಳು ಆಗಲೇ ಬಲ್ಲ ಪಾರಿಭಾಷಿಕ ಪದಗಳನ್ನು ಎರಡು ಭಾಷೆಗಳಲ್ಲಿ ಪಕ್ಕಪಕ್ಕದಲ್ಲಿ ಬರೆಯಿಸಿ, ಓದಿಸಿ, ಇಂಗ್ಲಿಷಿನಲ್ಲಿ ಟಿಪ್ಪಣಿ ತೆಗೆದುಕೊಳ್ಳುವ ಅಭ್ಯಾಸ ಮಾಡಿಸಿದರೆ ಸಾಕು. ತಿಳಿದ ವಿಷಯಕ್ಕೆ ಇನ್ನೊಂದು ಹೆಸರನ್ನು ಕಲಿಯುವುದು ತಿಳಿಯದ ವಿಷಯವನ್ನು ತಿಳಿಯದ ಭಾಷೆಯಲ್ಲಿ ಕಲಿಯುವುದಕ್ಕಿಂತ ಎಷ್ಟೋ ಹಗುರ.

ಮೂರನೆಯದು ಹಳೆಯ ವಿದ್ಯಾರ್ಥಿಗಳ ಪಾಲಿನದು. ಪ್ರತಿಯೊಬ್ಬ ಹೊಸ ಕಾಲೇಜು ವಿದ್ಯಾರ್ಥಿಗೂ ಅದೇ ಶಾಲೆಯಲ್ಲಿ ಓದಿದ ಹಿರಿಯನೊಬ್ಬನನ್ನು ಅಥವಾ ಹಿರಿಯಳೊಬ್ಬಳನ್ನು ಹೆಸರು ಹಿಡಿದು ಗೊತ್ತುಮಾಡಬೇಕು. ಕಾಲೇಜು ಆರಂಭವಾದ ಮೊದಲ ನೂರು ದಿನ ಹದಿನೈದು ದಿನಕ್ಕೊಮ್ಮೆಯಾದರೂ ಆ ಹಿರಿಯರು ತಾವಾಗಿ ದೂರವಾಣಿ ಮಾಡಿ ವಿಚಾರಿಸಬೇಕು. ಸಾಧ್ಯವಾದರೆ ಒಮ್ಮೆ ಕಾಲೇಜಿಗೇ ಹೋಗಿ ಕಂಡು ಬರಬೇಕು. ದೊಡ್ಡ ಹುದ್ದೆಯವರೇ ಆಗಬೇಕೆಂದಿಲ್ಲ. ತಾನೂ ಮೊದಲ ಪರೀಕ್ಷೆಯಲ್ಲಿ ಬಿದ್ದು ಪೂರಕ ಪರೀಕ್ಷೆಯಲ್ಲಿ ಪಾಸಾದೆನೆಂದು ನಿಸ್ಸಂಕೋಚವಾಗಿ ಹೇಳಬಲ್ಲ ಹಿರಿಯನ ಮಾತಿನಿಂದ ಹುಡುಗನಿಗೆ ಬರುವ ಧೈರ್ಯವು ಪ್ರಥಮ ಸ್ಥಾನ ಪಡೆದವರ ಭಾಷಣದಿಂದ ಬಾರದು. ಹಾವೇರಿ ತಾಲ್ಲೂಕಿನ ಕುರಬಗೊಂಡದಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಕಾನೂನು ಓದಿ, ಅಮೆರಿಕದ ಕ್ಯಾಲಿಫೋರ್ನಿಯಾದವರೆಗೆ ಹೋಗಿ ಪತ್ರಿಕೋದ್ಯಮ ಕಲಿತು ಬಂದ ಪಾಟೀಲ ಪುಟ್ಟಪ್ಪನವರಂಥವರ ಹೆಸರುಗಳು ಮಕ್ಕಳಿಗೆ ಸ್ಫೂರ್ತಿ ಕೊಡುತ್ತವೆ, ನಿಜ. ಆದರೆ ಆಗಸ್ಟ್ ತಿಂಗಳ ಒಂದು ಸಂಜೆ ಪುಸ್ತಕ ಮುಚ್ಚಿಟ್ಟು ಕುಳಿತವನಿಗೆ ಬೇಕಾದುದು ತನ್ನ ಊರಿನ, ತನ್ನ ಶಾಲೆಯ, ತನಗಿಂತ ನಾಲ್ಕು ವರ್ಷ ಹಿರಿಯನಾದವನ ಒಂದು ಕರೆ.

ನಾಲ್ಕನೆಯದಾಗಿ, ದಸರಾ ಬಿಡುವಿನಲ್ಲಿ ಮಕ್ಕಳು ಊರಿಗೆ ಬಂದಾಗ ಶ್ರೀಮಠದ ಆವರಣದಲ್ಲಿ ಪ್ರಥಮ ವರ್ಷದವರೆಲ್ಲರನ್ನೂ ಒಂದು ದಿನ ಕೂಡಿಸಿ ಪ್ರಸಾದ ಮಾಡಿಸಬೇಕು. ಅಲ್ಲಿ ಭಾಷಣಗಳಿಗಿಂತ ಮಾತುಕತೆಗೆ ಹೆಚ್ಚು ವೇಳೆಯಿರಬೇಕು. ಬಾರದೆ ಉಳಿದವರ ಹೆಸರುಗಳನ್ನು ಅಂದೇ ಗುರುತಿಸಿಕೊಂಡು ಮರುದಿನವೇ ಅವರ ಮನೆಗೆ ಹೋಗಬೇಕು. ಬಂದವರಿಗಿಂತ ಬಾರದವರೇ ಆ ಕೂಟದ ಮುಖ್ಯ ಅತಿಥಿಗಳೆಂದು ತಿಳಿದರೆ ಕಾರ್ಯದ ಉದ್ದೇಶ ಸಾರ್ಥಕವಾದಂತೆ.

ದಾನಿಗಳಲ್ಲಿ ಒಂದು ಅರಿಕೆ

ದಾನಿಗಳ ಔದಾರ್ಯದಿಂದಲೇ ಮಠದ ಶಾಲೆಗಳು ನಿಂತಿವೆ. ಆ ಔದಾರ್ಯವು ಬಹುಮಟ್ಟಿಗೆ ಎರಡು ರೂಪಗಳಲ್ಲಿ ಹರಿಯುತ್ತದೆ: ಒಂದು ಕಟ್ಟಡ, ಇನ್ನೊಂದು ಹೆಚ್ಚು ಅಂಕ ಪಡೆದವರಿಗೆ ಬಹುಮಾನ. ಎರಡೂ ಅವಶ್ಯವೇ. ಆದರೆ ಬಹುಮಾನವು ಗೆದ್ದವರಿಗೆ ಗೆದ್ದ ಮೇಲೆ ಸಲ್ಲುತ್ತದೆ. ಪ್ರಥಮ ವರ್ಷದ ವಿದ್ಯಾರ್ಥಿಗೆ ಹಣ ಬೇಕಾಗುವುದು ಪ್ರವೇಶದ ವಾರದಲ್ಲಿ. ಸರಕಾರದ ವಿ‌ದ್ಯಾರ್ಥಿವೇತನವು ಮಂಜೂರಾದರೂ ಕೈಸೇರಲು ತಿಂಗಳುಗಳು ಕಳೆಯುವುದುಂಟು. ಪ್ರವೇಶ ಶುಲ್ಕ, ವಾಯವ್ಯ ಸಾರಿಗೆಯ ಬಸ್ ಪಾಸು, ಪ್ರಯೋಗಶಾಲೆಯ ಬಿಳಿ ಕೋಟು, ಕೊಠಡಿಯ ಮುಂಗಡ, ನಾಲ್ಕು ಪುಸ್ತಕ — ಈ ಸಣ್ಣ ಮೊತ್ತಗಳು ಮಾತ್ರ ಜೂನ್ ತಿಂಗಳಲ್ಲಿಯೇ ಬೇಕು. ಮುಂಗಾರಿನ ಬೀಜ ಗೊಬ್ಬರಕ್ಕೆ ಒಕ್ಕಲಿಗನ ಕೈ ಬರಿದಾಗುವುದೂ ಅದೇ ತಿಂಗಳಲ್ಲಿ. ಆದುದರಿಂದ ದಾನದ ಒಂದು ಪಾಲನ್ನು ಪ್ರವೇಶಕಾಲದ ನಿಧಿಯೆಂದು ತೆಗೆದಿರಿಸಿ, ಅರ್ಜಿ ಮತ್ತು ಸಭೆಗಳ ಆಡಂಬರವಿಲ್ಲದೆ, ಮುಖ್ಯಾಧ್ಯಾಪಕರ ಒಂದು ಮಾತಿನ ಮೇಲೆ ಅಗತ್ಯವುಳ್ಳವರಿಗೆ ಮುಟ್ಟುವಂತೆ ಮಾಡುವುದು ಶ್ರೇಯಸ್ಕರ. ಪಡೆದವರ ಹೆಸರನ್ನು ವೇದಿಕೆಯ ಮೇಲೆ ಓದದಿರುವುದೂ ಆ ದಾನದ ಭಾಗವೇ. ಪಡೆಯುವವನ ತಲೆ ತಗ್ಗದಂತೆ ಕೊಡುವುದನ್ನೇ ಶರಣರು ದಾಸೋಹವೆಂದರು.

ಅಗಡಿಯ ಹೆಸರು ಕನ್ನಡ ನಾಡಿಗೆ ಹಿಂದೊಮ್ಮೆ ಮತ್ತೊಂದು ಕಾರಣದಿಂದ ಪರಿಚಿತವಾಗಿತ್ತು. 1907ರಲ್ಲಿ ಇಲ್ಲಿಯ ಆನಂದವನದಿಂದ ಹೊರಟ 'ಸದ್ಬೋಧ ಚಂದ್ರಿಕೆ' ಎಂಬ ಮಾಸಪತ್ರಿಕೆಯು ಗಳಗನಾಥರ ಸಂಪಾದಕತ್ವದಲ್ಲಿ ಅಂಚೆಯ ಮೂಲಕ ನಾಡಿನ ಮನೆಮನೆಗಳನ್ನು ಮುಟ್ಟುತ್ತಿತ್ತು. ಎಂದೂ ಕಾಣದ ದೂರದ ಓದುಗರಿಗೆ ತಿಂಗಳು ತಿಂಗಳೂ ತಪ್ಪದೆ ಒಳ್ಳೆಯ ಮಾತನ್ನು ಕಳುಹಿಸುತ್ತಿದ್ದ ಊರು, ತನ್ನ ಮಡಿಲಲ್ಲಿಯೇ ಬೆಳೆದು ಹೊರಗೆ ಹೋದ ಮಕ್ಕಳಿಗೆ ಹದಿನೈದು ದಿನಕ್ಕೊಂದು ಮಾತನ್ನು ಕಳುಹಿಸುವುದು ಅಸಾಧ್ಯವಾದ ಕಾರ್ಯವೇನಲ್ಲ.

ಶಾಲೆಯ ಕೀರ್ತಿಯು ಅದರ ಫಲಿತಾಂಶದ ಹಲಗೆಯ ಮೇಲೆ ಮಾತ್ರ ನಿಂತಿಲ್ಲ. ಆ ಹಲಗೆಯ ಮೇಲೆ ಹೆಸರು ಬರೆಯಿಸಿಕೊಂಡವರಲ್ಲಿಯೂ, ಬರೆಯಿಸಿಕೊಳ್ಳದೆ ಹೋದವರಲ್ಲಿಯೂ ಎಷ್ಟು ಜನ ಮುಂದಿನ ಜೂನ್ ತಿಂಗಳಲ್ಲಿ ಎರಡನೆಯ ವರ್ಷದ ತರಗತಿಗೆ ಕಾಲಿಟ್ಟರೆಂಬುದನ್ನು ಪ್ರತಿಯೊಂದು ಶಾಲೆಯೂ ಎಣಿಸಿ ಬರೆದಿಡುವಂತಾಗಲಿ. ಗುರುಗಳ ಅಕ್ಕರೆ, ಹಳೆಯ ವಿದ್ಯಾರ್ಥಿಗಳ ನೆನಪು, ದಾನಿಗಳ ಔದಾರ್ಯ ಈ ಮೂರೂ ಆ ಒಂದು ವರ್ಷದ ಮೇಲೆ ಒಟ್ಟಾಗಿ ನಿಂತರೆ, ಮಡಿಯಿಂದ ಕಿತ್ತ ಅಗಿಯು ಹೊಸ ಮಣ್ಣಿನಲ್ಲಿ ಬೇರೂರುವುದರಲ್ಲಿ ಸಂದೇಹವಿಲ್ಲ.